ಎರಡನೆಯ ಮೈಸೂರು ಯುದ್ಧ (1780–1784): ಕಾರಣಗಳು, ಗತಿ, ಪರಿಣಾಮ

ಮೈಸೂರು ರಾಜ್ಯಕ್ಕೂ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಗೂ 1767ರಿಂದ 1799ರವರೆಗಿನ ಅವಧಿಯಲ್ಲಿ ನಾಲ್ಕು ಯುದ್ಧಗಳು ನಡೆದವು. ಮೂರನೆಯ ಯುದ್ಧದಲ್ಲಿ ಮೈಸೂರು ತನ್ನ ಅರ್ಧ ರಾಜ್ಯವನ್ನು ಕಳೆದುಕೊಂಡಿತು. ನಾಲ್ಕನೆಯ ಯುದ್ಧದಲ್ಲಿ ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದ ಕೋಟೆಯ ಬಾಗಿಲಲ್ಲಿ ಮಡಿದನು. ಎರಡನೆಯ ಯುದ್ಧವಾದರೋ ನಾಲ್ಕು ವರ್ಷ ನಡೆದು, ಎರಡೂ ಕಡೆಯವರು ಗೆದ್ದದ್ದನ್ನು ಪರಸ್ಪರ ಹಿಂದಿರುಗಿಸುವುದರೊಂದಿಗೆ ಮುಗಿಯಿತು. ಆದರೆ ಕಂಪನಿಯು ಭಾರತದಲ್ಲಿ ನೆಲೆ ಕಳೆದುಕೊಳ್ಳುವ ಭೀತಿಯನ್ನು ನಿಜವಾಗಿ ಎದುರಿಸಿದ್ದು ಈ ಯುದ್ಧದಲ್ಲಿಯೇ. ಭಾರತೀಯ ಅರಸನೊಬ್ಬನೊಂದಿಗೆ ಅದು ಸರಿಸಮಾನ ನೆಲೆಯಲ್ಲಿ ಸಂಧಿ ಮಾಡಿಕೊಂಡ ಕೊನೆಯ ಸಂದರ್ಭಗಳಲ್ಲಿ ಇದೂ ಒಂದೆಂದು ಇತಿಹಾಸಕಾರರು ಗುರುತಿಸುತ್ತಾರೆ.

ಪೊಲ್ಲಿಲೂರಿನ ವಿಜಯ, ರಾಕೆಟ್ಟುಗಳು, ಸೆರೆಸಿಕ್ಕ ಇಂಗ್ಲಿಷ್ ಅಧಿಕಾರಿಗಳು ಎಂಬ ಚಿತ್ರಗಳೇ ಈ ಯುದ್ಧದ ಬಗೆಗಿನ ಜನಪ್ರಿಯ ನೆನಪಿನಲ್ಲಿ ಉಳಿದಿವೆ. ಆದರೆ ಯುದ್ಧದ ಗತಿಯನ್ನು ಆಮೂಲಾಗ್ರವಾಗಿ ಗಮನಿಸಿದರೆ, ಅದರ ಫಲಿತಾಂಶವನ್ನು ನಿರ್ಧರಿಸಿದ್ದು ರಣರಂಗಕ್ಕಿಂತ ಹೆಚ್ಚಾಗಿ ಎತ್ತು, ಅಕ್ಕಿ, ಹಡಗು ಮತ್ತು ಮಿತ್ರರು ಎಂಬುದು ಸ್ಪಷ್ಟವಾಗುತ್ತದೆ.

ಹಿನ್ನೆಲೆ: ಪಾಲನೆಯಾಗದ ಒಪ್ಪಂದ

ಮೊದಲನೆಯ ಮೈಸೂರು ಯುದ್ಧದ ಕೊನೆಯಲ್ಲಿ ಹೈದರಾಲಿಯು ಆಯ್ದ ಅಶ್ವಪಡೆಯೊಂದಿಗೆ ಮಿಂಚಿನ ವೇಗದಲ್ಲಿ ಸಾಗಿ ಮದರಾಸಿನ ಹೊರವಲಯವನ್ನು ತಲುಪಿದನು. ಗಾಬರಿಗೊಂಡ ಮದರಾಸು ಸರ್ಕಾರವು 1769ರ ಏಪ್ರಿಲ್‌ನಲ್ಲಿ ಸಂಧಿಗೆ ಒಪ್ಪಿತು. ಗೆದ್ದ ಪ್ರದೇಶಗಳನ್ನು ಪರಸ್ಪರ ಹಿಂದಿರುಗಿಸಬೇಕು, ಒಬ್ಬರ ಮೇಲೆ ಮೂರನೆಯವರು ದಾಳಿ ಮಾಡಿದರೆ ಇನ್ನೊಬ್ಬರು ನೆರವಿಗೆ ಬರಬೇಕು ಎಂಬುದು ಅದರ ತಿರುಳು.

ಹೈದರನಿಗೆ ಎರಡನೆಯ ಷರತ್ತೇ ಮುಖ್ಯವಾಗಿತ್ತು. ಉತ್ತರದಿಂದ ಮರಾಠರ ದಾಳಿ ಮೈಸೂರಿಗೆ ನಿರಂತರ ಬೆದರಿಕೆಯಾಗಿತ್ತು. ಒಪ್ಪಂದದ ಮಸಿ ಆರುವ ಮೊದಲೇ ಪೇಶ್ವೆ ಮಾಧವರಾಯನ ಸೇನೆ ಮೈಸೂರನ್ನು ಮುತ್ತಿತು. 1771ರ ಮಾರ್ಚ್‌ನಲ್ಲಿ ಮೇಲುಕೋಟೆಯ ಬಳಿಯ ಚಿನಕುರಳಿಯಲ್ಲಿ ಹೈದರನು ತನ್ನ ಜೀವಮಾನದ ಅತಿ ಘೋರ ಸೋಲನ್ನು ಅನುಭವಿಸಿದನು. ಆತ ಮತ್ತೆ ಮತ್ತೆ ಕೋರಿದರೂ ಮದರಾಸಿನಿಂದ ಒಂದು ತುಕಡಿಯೂ ಬರಲಿಲ್ಲ. 1772ರಲ್ಲಿ ಅಪಾರ ಹಣ ತೆತ್ತು, ಪ್ರದೇಶಗಳನ್ನು ಬಿಟ್ಟುಕೊಟ್ಟು ಮರಾಠರೊಂದಿಗೆ ಸಂಧಿ ಮಾಡಿಕೊಳ್ಳಬೇಕಾಯಿತು. ಕಂಪನಿಯ ಮಾತನ್ನು ನಂಬಲಾಗದು ಎಂಬ ತೀರ್ಮಾನಕ್ಕೆ ಹೈದರನು ಬಂದದ್ದು ಅಂದೇ. ಮುಂದಿನ ಎಂಟು ವರ್ಷಗಳ ಅವನ ರಾಜಕಾರಣವನ್ನು ಈ ಹಿನ್ನೆಲೆಯಿಲ್ಲದೆ ಅರ್ಥಮಾಡಿಕೊಳ್ಳಲು ಸಾಧ್ಯವಿಲ್ಲ.

ಯುದ್ಧಕ್ಕೆ ಕಾರಣಗಳು

*ಮಾಹೆಯ ಪ್ರಶ್ನೆ:* ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದಲ್ಲಿ ಫ್ರಾನ್ಸ್ 1778ರಲ್ಲಿ ಬ್ರಿಟನ್ನಿನ ವಿರುದ್ಧ ಕಣಕ್ಕಿಳಿಯಿತು. ಅದರ ಬಿಸಿ ಭಾರತಕ್ಕೂ ತಟ್ಟಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಪಾಂಡಿಚೇರಿ ಇಂಗ್ಲಿಷರ ವಶವಾಯಿತು. ಫ್ರೆಂಚರಿಗೆ ಉಳಿದದ್ದು ಮಲಬಾರ್ ತೀರದ ಪುಟ್ಟ ನೆಲೆಯಾದ ಮಾಹೆ. ಹೈದರನಿಗೆ ಯುರೋಪಿನ ಬಂದೂಕು, ಮದ್ದುಗುಂಡು ಬರುತ್ತಿದ್ದುದು ಈ ಬಂದರಿನ ಮೂಲಕ. ಮಲಬಾರಿನ ಮೇಲೆ ತನ್ನ ಅಧಿಕಾರವಿರುವುದರಿಂದ ಮಾಹೆಯೂ ತನ್ನ ರಕ್ಷಣೆಯಲ್ಲಿದೆ ಎಂದು ಆತ ಎಚ್ಚರಿಸಿದ್ದನು. ಅದನ್ನು ಲೆಕ್ಕಿಸದೆ ಇಂಗ್ಲಿಷರು 1779ರ ಮಾರ್ಚ್‌ನಲ್ಲಿ ಮಾಹೆಯನ್ನು ವಶಪಡಿಸಿಕೊಂಡರು.

*ಗುಂಟೂರಿನ ವಿವಾದ:* ಹೈದರಾಬಾದಿನ ನಿಜಾಮನ ತಮ್ಮ ಬಸಾಲತ್ ಜಂಗನ ಅಧೀನದಲ್ಲಿದ್ದ ಗುಂಟೂರು ಸರ್ಕಾರ್ ಪ್ರದೇಶವನ್ನು ಮದರಾಸು ಸರ್ಕಾರವು ನಿಜಾಮನನ್ನು ಬದಿಗೊತ್ತಿ ನೇರ ಒಪ್ಪಂದದ ಮೂಲಕ ಪಡೆಯಿತು. ಇದರಿಂದ ನಿಜಾಮನು ಕೆರಳಿದನು. ಬಸಾಲತ್ ಜಂಗನ ರಕ್ಷಣೆಗೆಂದು ಹೊರಟ ಕಂಪನಿಯ ಪಡೆಯು ಹೈದರನ ಆಡಳಿತಕ್ಕೆ ಸೇರಿದ್ದ ಕಡಪ ಸೀಮೆಯ ಮೂಲಕ ಅವನ ಅನುಮತಿಯಿಲ್ಲದೆ ಸಾಗಲೆತ್ನಿಸಿದಾಗ ಅವನ ಸೈನಿಕರು ದಾರಿಗಡ್ಡವಾದರು.

*ಮದರಾಸಿನ ಆಡಳಿತದ ಭ್ರಷ್ಟತೆ:* ಆರ್ಕಾಟಿನ ನವಾಬ ಮುಹಮ್ಮದಾಲಿಯು ಕಂಪನಿಯ ನೌಕರರಿಂದಲೇ ದುಬಾರಿ ಬಡ್ಡಿಗೆ ಸಾಲ ಪಡೆದು, ಅದಕ್ಕೆ ಪ್ರತಿಯಾಗಿ ಜಿಲ್ಲೆಗಳ ಕಂದಾಯವನ್ನು ಒತ್ತೆಯಿಟ್ಟಿದ್ದನು. ಸಾಲ ವಸೂಲಿಯಲ್ಲಿ ಮುಳುಗಿದ್ದ ಮದರಾಸಿನ ಅಧಿಕಾರಿ ವರ್ಗಕ್ಕೆ ಗಡಿಯಾಚೆಯ ಸಿದ್ಧತೆ ಕಾಣಲಿಲ್ಲ. ಬೊಕ್ಕಸ ಬರಿದಾಗಿತ್ತು, ಸೈನ್ಯ ಚೆದುರಿಹೋಗಿತ್ತು. ಗವರ್ನರ್ ಥಾಮಸ್ ರಂಬೋಲ್ಡ್ 1779ರಲ್ಲಿ ಜರ್ಮನ್ ಧರ್ಮಪ್ರಚಾರಕ ಶ್ವಾರ್ಟ್ಸ್‌ರನ್ನು ಸಂಧಾನಕ್ಕಾಗಿ ಶ್ರೀರಂಗಪಟ್ಟಣಕ್ಕೆ ಕಳುಹಿಸಿದ್ದುಂಟು. ಹೈದರನು ಅವರನ್ನು ಆದರದಿಂದ ಕಂಡನಾದರೂ ಕಂಪನಿಯ ಮಾತಿಗೆ ಮರುಳಾಗಲಿಲ್ಲ.

*ತ್ರಿಪಕ್ಷ ಮೈತ್ರಿ:* ಕಂಪನಿಯು 1775ರಿಂದ ಮರಾಠರೊಂದಿಗೂ ಯುದ್ಧದಲ್ಲಿ ತೊಡಗಿತ್ತು. ಪುಣೆಯ ಮುತ್ಸದ್ದಿ ನಾನಾ ಫಡ್ನವೀಸ್, ನಿಜಾಮ ಮತ್ತು ಹೈದರ್ ಈ ಮೂವರಿಗೂ ಈಗ ಒಬ್ಬನೇ ಶತ್ರು. 1780ರ ಆರಂಭದ ವೇಳೆಗೆ ಮೂವರ ನಡುವೆ ಒಪ್ಪಂದವಾಯಿತು. ಹತ್ತು ವರ್ಷಗಳ ಹಿಂದೆ ಮೈಸೂರನ್ನು ಸುಲಿದ ಮರಾಠರೇ ಈಗ ಕೃಷ್ಣಾ ನದಿಯವರೆಗಿನ ಹೈದರನ ಅಧಿಕಾರವನ್ನು ಮಾನ್ಯ ಮಾಡಿದರು. ದಕ್ಷಿಣ ಭಾರತದ ಮೂರು ಪ್ರಮುಖ ಶಕ್ತಿಗಳು ಕಂಪನಿಯ ವಿರುದ್ಧ ಹೀಗೆ ಒಂದುಗೂಡಿದ್ದು ಅಪೂರ್ವ ಸಂಗತಿ. ಹೈದರನ ರಾಜಕೀಯ ಜೀವನದ ಅತಿ ದೊಡ್ಡ ಗೆಲುವೆಂದರೆ ಇದೇ.

ಕರ್ನಾಟಿಕ್ ಮೇಲಿನ ದಾಳಿ ಮತ್ತು ಪೊಲ್ಲಿಲೂರು

1780ರ ಜುಲೈನಲ್ಲಿ ಹೈದರನು ಸುಮಾರು 80,000ಕ್ಕೂ ಹೆಚ್ಚು ಸೈನಿಕರೊಂದಿಗೆ ಚೆಂಗಮ ಕಣಿವೆಯ ಮೂಲಕ ಘಟ್ಟವಿಳಿದು, ಆರ್ಕಾಟಿನ ನವಾಬನ ರಾಜ್ಯವಾದ ‘ಕರ್ನಾಟಿಕ್’ ಬಯಲನ್ನು ಪ್ರವೇಶಿಸಿದನು. ಇಂದಿನ ಉತ್ತರ ತಮಿಳುನಾಡಿನ ಬಹುಭಾಗ ಅದರಲ್ಲಿ ಸೇರಿತ್ತು. ಒಂದು ಪಡೆ ಕರಾವಳಿಯ ಪೋರ್ಟೊ ನೋವೊ (ಪರಂಗಿಪೇಟೆ) ಬಂದರನ್ನು ಲೂಟಿ ಮಾಡಿತು. ಕಂಚಿ ಸುಲಿಗೆಗೊಳಗಾಯಿತು. ಮುಖ್ಯ ಸೇನೆ ಆರ್ಕಾಟಿಗೆ ಮುತ್ತಿಗೆ ಹಾಕಿತು. ಉರಿಯುವ ಹಳ್ಳಿಗಳ ಹೊಗೆ ಕಂಡ ಮೇಲೆಯೇ ಮದರಾಸಿನ ಆಡಳಿತ ಎಚ್ಚೆತ್ತಿತು.

ಇಂಗ್ಲಿಷ್ ಸೇನಾಧಿಪತಿ ಹೆಕ್ಟರ್ ಮನ್ರೊ 1764ರ ಬಕ್ಸರ್ ಕದನವನ್ನು ಗೆದ್ದ ಪ್ರಸಿದ್ಧ ಯೋಧ. ಆತ ತನ್ನ ಸೈನ್ಯವನ್ನು ಕಂಚಿಗೆ ನಡೆಸಿದನು. ಗುಂಟೂರಿನಲ್ಲಿದ್ದ ಕರ್ನಲ್ ವಿಲಿಯಂ ಬೈಲಿಯ ಪಡೆ ಅಲ್ಲಿಗೇ ಬಂದು ಸೇರಬೇಕಿತ್ತು. ಬೈಲಿಯು ಆಗಸ್ಟ್ ಕೊನೆಯಲ್ಲಿ ಕೊಸಸ್ತಲೈ ನದಿಯ ಉತ್ತರ ದಡದಲ್ಲಿ ಬೀಡುಬಿಟ್ಟಾಗ ನದಿ ಉಕ್ಕಿತು. ಅದನ್ನು ದಾಟಲು ಒಂದು ವಾರಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ಈ ವಿಳಂಬ ಹೈದರನಿಗೆ ವರವಾಯಿತು. ಟಿಪ್ಪುವಿನ ಅಶ್ವಪಡೆ ಸೆಪ್ಟೆಂಬರ್ 6ರಂದು ಪೆರಂಬಾಕ್ಕಂ ಬಳಿ ಬೈಲಿಯನ್ನು ತಡೆಯಿತು. ಮನ್ರೊ ತಾನೇ ಮುಂದುವರಿದು ನೆರವಾಗುವ ಬದಲು ಸುಮಾರು ಸಾವಿರ ಸೈನಿಕರ ತುಕಡಿಯೊಂದನ್ನು ಕಳುಹಿಸಿ ಸುಮ್ಮನಾದನು.

1780ರ ಸೆಪ್ಟೆಂಬರ್ 10ರ ಮುಂಜಾವಿನಲ್ಲಿ ಪೊಲ್ಲಿಲೂರು ಗ್ರಾಮದ ಬಳಿ ಹೈದರ್ ಮತ್ತು ಟಿಪ್ಪು ಇಬ್ಬರ ಸೇನೆಗಳೂ ಬೈಲಿಯ ಪಡೆಯನ್ನು ಸುತ್ತುವರಿದವು. ಇಂಗ್ಲಿಷರು ಚೌಕವಾಗಿ ನಿಂತು ಹೋರಾಡಿದರು. ಕದನದ ನಡುವೆ ಅವರ ಮದ್ದಿನ ಬಂಡಿಗಳು ಸಿಡಿದವು. ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್ಟುಗಳೇ ಇದಕ್ಕೆ ಕಾರಣವೆಂದು ಹೇಳಲಾಗುತ್ತದೆ. ನಾಲ್ಕು ಸಾವಿರಕ್ಕೆ ಸಮೀಪವಿದ್ದ ಪಡೆ ಸಂಪೂರ್ಣ ನಾಶವಾಯಿತು. ಬೈಲಿ ಸೇರಿದಂತೆ ಸುಮಾರು 200 ಯುರೋಪಿಯನ್ನರು ಸೆರೆಯಾದರು. ಕೆಲವೇ ಮೈಲಿಗಳ ದೂರದಲ್ಲಿದ್ದ ಮನ್ರೊ ಸಕಾಲಕ್ಕೆ ಬರಲಿಲ್ಲ. ಸುದ್ದಿ ತಿಳಿಯುತ್ತಲೇ ಆತ ತನ್ನ ಭಾರಿ ಫಿರಂಗಿಗಳನ್ನು ಕಂಚಿಯ ಕೆರೆಯೊಂದಕ್ಕೆ ತಳ್ಳಿಸಿ ಮದರಾಸಿಗೆ ಹಿಮ್ಮೆಟ್ಟಿದನು.

ಬೈಲಿಯು 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲಿಯೇ ತೀರಿಕೊಂಡನು. ಅಲ್ಲಿನ ನೆಲಮಾಳಿಗೆಯೊಂದು ಇಂದಿಗೂ ‘ಕರ್ನಲ್ ಬೈಲಿ ಬಂದೀಖಾನೆ’ ಎಂಬ ಹೆಸರಿನಿಂದ ಪ್ರವಾಸಿಗರನ್ನು ಸೆಳೆಯುತ್ತದೆ. ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಟಿಪ್ಪು ಬರೆಸಿದ ಭಿತ್ತಿಚಿತ್ರ ಈ ಕದನದ್ದೇ. ಅಂದು ಸೆರೆಯಾಗಿ ಮೂರೂವರೆ ವರ್ಷ ಬಂಧನದಲ್ಲಿದ್ದ ಡೇವಿಡ್ ಬೇರ್ಡ್ ಎಂಬ ಅಧಿಕಾರಿಯೇ 1799ರಲ್ಲಿ ಶ್ರೀರಂಗಪಟ್ಟಣದ ಮೇಲಿನ ಅಂತಿಮ ದಾಳಿಯ ಮುಂದಾಳಾದನು.

ಇಂಗ್ಲಿಷರಿಗೆ ಭಾರತದಲ್ಲಿ ಅಲ್ಲಿಯವರೆಗೆ ಒದಗಿದ ಸೋಲುಗಳಲ್ಲಿ ಇದು ಅತಿ ದೊಡ್ಡದು. ಆದರೆ ಹೈದರನು ಕಂಗೆಟ್ಟಿದ್ದ ಮದರಾಸಿನ ಮೇಲೆ ಕೂಡಲೇ ಏರಿಹೋಗದೆ ಆರ್ಕಾಟಿನ ಮುತ್ತಿಗೆಗೆ ಮರಳಿದನು. ಆ ಪಟ್ಟಣ ನವೆಂಬರ್ 3ರಂದು ಅವನ ವಶವಾಯಿತು. ಅಷ್ಟರಲ್ಲಿ ಇಂಗ್ಲಿಷರಿಗೆ ಎರಡು ತಿಂಗಳ ಬಿಡುವು ದೊರೆತಿತ್ತು.

ಐರ್ ಕೂಟನ ಆಗಮನ

ಕಲ್ಕತ್ತೆಯಲ್ಲಿದ್ದ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ತ್ವರಿತವಾಗಿ ಕ್ರಮ ಕೈಗೊಂಡನು. ಮದರಾಸಿನ ಹಂಗಾಮಿ ಗವರ್ನರ್ ವೈಟ್‌ಹಿಲ್‌ನನ್ನು ಅಮಾನತುಗೊಳಿಸಿ, ವಯೋವೃದ್ಧನಾಗಿದ್ದರೂ ಅನುಭವಿಯಾದ ಸೇನಾನಿ ಸರ್ ಐರ್ ಕೂಟನನ್ನು ಹಣ ಮತ್ತು ಸೈನ್ಯದೊಂದಿಗೆ ಸಮುದ್ರಮಾರ್ಗವಾಗಿ ಕಳುಹಿಸಿದನು. ಇನ್ನೊಂದು ಪಡೆ ಕರ್ನಲ್ ಪಿಯರ್ಸ್‌ನ ನಾಯಕತ್ವದಲ್ಲಿ ಬಂಗಾಳದಿಂದ ಕರಾವಳಿಗುಂಟ ಕಾಲ್ನಡಿಗೆಯಲ್ಲಿ ಹೊರಟು, 1781ರ ಆಗಸ್ಟ್‌ನಲ್ಲಿ ಕೂಟನನ್ನು ಕೂಡಿಕೊಂಡಿತು.

1781ರ ಜನವರಿಯಲ್ಲಿ ಕೂಟನು ಮದರಾಸಿನಿಂದ ಹೊರಟು, ಲೆಫ್ಟಿನೆಂಟ್ ಫ್ಲಿಂಟ್ ಎಂಬ ಕಿರಿಯ ಅಧಿಕಾರಿ ತಿಂಗಳುಗಟ್ಟಲೆ ಕಾಪಾಡಿಕೊಂಡಿದ್ದ ವಂದವಾಸಿ ಕೋಟೆಯನ್ನು ಮುತ್ತಿಗೆಯಿಂದ ಬಿಡಿಸಿ, ಕಡಲೂರು ತಲುಪಿದನು. ಅಲ್ಲಿ ಅವನಿಗೆ ದೊಡ್ಡ ಗಂಡಾಂತರ ಕಾದಿತ್ತು. ಭೂಮಾರ್ಗವನ್ನು ಹೈದರನು ಕಡಿದುಹಾಕಿದ್ದನು; ಸಮುದ್ರದಲ್ಲಿ ಡಿ’ಓರ್ವ್ ಎಂಬ ಫ್ರೆಂಚ್ ನೌಕಾಧಿಪತಿಯ ಹಡಗುಗಳು ಕಾಣಿಸಿಕೊಂಡಿದ್ದವು. ಇಂಗ್ಲಿಷರ ಬಳಿ ಕೆಲವೇ ದಿನಗಳ ಆಹಾರ ಉಳಿದಿತ್ತು. ಅಲ್ಲಿಯೇ ನಿಲ್ಲುವಂತೆ ಹೈದರನು ಬೇಡಿಕೊಂಡರೂ ಫ್ರೆಂಚ್ ನೌಕಾಪಡೆ ಫೆಬ್ರವರಿ ಮಧ್ಯದಲ್ಲಿ ಲಂಗರೆತ್ತಿ ಮಾರಿಷಸ್ ಕಡೆಗೆ ಹೊರಟುಹೋಯಿತು. ಕೂಟನ ಸೇನೆಗೆ ಅಕ್ಕಿ ಮತ್ತೆ ಕಡಲಿನ ಮೂಲಕ ಬಂದಿತು. ಯುದ್ಧದ ದಿಕ್ಕು ಬದಲಾದ ದಿನಗಳಿವು. ಆದರೆ ಯಾವ ಅರಮನೆಯ ಗೋಡೆಯೂ ಇವನ್ನು ಚಿತ್ರಿಸಿಲ್ಲ.

ಜೂನ್‌ನಲ್ಲಿ ಕೂಟನು ಚಿದಂಬರದ ದೇವಾಲಯದ ಕೋಟೆಯನ್ನು ಹಿಡಿಯಲು ಯತ್ನಿಸಿ ವಿಫಲನಾದನು. ಜುಲೈ 1ರಂದು ಪೋರ್ಟೊ ನೋವೊ ಬಳಿ ಎರಡೂ ಸೇನೆಗಳು ಮುಖಾಮುಖಿಯಾದವು. ಕೂಟನ ಬಳಿ ಇದ್ದವರು ಸುಮಾರು 8,500 ಮಂದಿ. ಹೈದರನ ಸೇನೆ ಅದರ ಹಲವು ಪಟ್ಟು. ಹೈದರನ ಫಿರಂಗಿಗಳು ಮುಂಭಾಗವನ್ನು ಕಾದಿದ್ದವು. ಕೂಟನು ನೇರವಾಗಿ ಅವುಗಳ ಬಾಯಿಗೆ ಬೀಳದೆ, ಮರಳುದಿಣ್ಣೆಗಳ ಮರೆಯಲ್ಲಿ ಸಮುದ್ರದ ಕಡೆಯಿಂದ ಬಳಸಿ ಹೋಗಿ ಪಾರ್ಶ್ವದ ಮೇಲೆ ಬಿದ್ದನು. ಹೈದರನು ಹಿಮ್ಮೆಟ್ಟಬೇಕಾಯಿತು. ಆಗಸ್ಟ್ 27ರಂದು ಪೊಲ್ಲಿಲೂರಿನಲ್ಲಿಯೇ ಎರಡನೆಯ ಕದನ, ಸೆಪ್ಟೆಂಬರ್ 27ರಂದು ಶೋಳಿಂಗೂರಿನ ಕದನ ನಡೆದವು. ಮೊದಲನೆಯದು ಅನಿರ್ಣಾಯಕವಾಗಿತ್ತು, ಎರಡನೆಯದು ಇಂಗ್ಲಿಷರದಾಯಿತು.

ಎತ್ತು, ಅಕ್ಕಿ ಮತ್ತು ಸಮುದ್ರ

ಕದನಗಳಲ್ಲಿ ಮೇಲುಗೈ ಪಡೆದ ಕೂಟನು ಹೈದರನನ್ನು ಬೆನ್ನಟ್ಟಿ ಏಕೆ ಮುಗಿಸಲಿಲ್ಲ? ಅವನ ಬಳಿ ಎತ್ತುಗಳಿರಲಿಲ್ಲ ಎಂಬುದೇ ಉತ್ತರ. ಅಂದಿನ ಸೇನೆಯೊಂದು ಚಲಿಸುತ್ತಿದ್ದುದು ಎತ್ತಿನ ಬಲದ ಮೇಲೆ. ಫಿರಂಗಿ, ಮದ್ದು, ಅಕ್ಕಿ, ಡೇರೆ ಎಲ್ಲವೂ ಎತ್ತಿನ ಮೇಲೆ ಅಥವಾ ಬಂಡಿಯಲ್ಲಿ ಸಾಗಬೇಕು. ಹೈದರನ ಅಶ್ವದಳ ಗ್ರಾಮಗಳನ್ನು ಸುಟ್ಟು, ದನಕರುಗಳನ್ನು ಅಟ್ಟಿಕೊಂಡು ಹೋದ ನಾಡಿನಲ್ಲಿ ಕಂಪನಿಗೆ ಮೇವೂ ಇಲ್ಲ, ಜಾನುವಾರೂ ಇಲ್ಲ. ಪ್ರತಿ ಗೆಲುವಿನ ನಂತರವೂ ಕೂಟನು ಕರಾವಳಿಗೋ ಮದರಾಸಿಗೋ ಮರಳಿ ಅಕ್ಕಿಯ ಹಡಗಿಗಾಗಿ ಕಾಯಬೇಕಾಗುತ್ತಿತ್ತು. ಹೈದರನ ವಶವಾಗದೆ ಉಳಿದ ವೆಲ್ಲೂರು ಕೋಟೆಗೆ ಧಾನ್ಯ ತಲುಪಿಸುವುದೇ ಅವನ ಸೇನೆಗೆ ಒಂದೊಂದು ದಂಡಯಾತ್ರೆಯಾಯಿತು.

ಮೈಸೂರಿನ ಸ್ಥಿತಿ ಇದಕ್ಕೆ ತದ್ವಿರುದ್ಧ. ಒಡೆಯರ ಕಾಲದಿಂದ ಅರಮನೆಯ ಗೋಸಂಪತ್ತಾಗಿ ಬಂದು, ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಎಂಬ ಹೆಸರು ಪಡೆದ ತಳಿಯ ಎತ್ತುಗಳು ಹೈದರನ ಸೇನೆಯ ಬೆನ್ನೆಲುಬಾಗಿದ್ದವು. ಚಿದಂಬರದ ರಕ್ಷಣೆಗೆ ಹೈದರನು ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ್ದು, ಸೋತ ಕದನಗಳಲ್ಲಿಯೂ ತನ್ನ ಫಿರಂಗಿಗಳನ್ನು ಶತ್ರುವಿನ ಕಣ್ಣೆದುರಿನಿಂದಲೇ ಎಳೆದೊಯ್ದದ್ದು ಈ ಎತ್ತುಗಳ ಬಲದಿಂದಲೇ ಎಂದು ಮೈಸೂರಿನ ಗೆಜೆಟಿಯರುಗಳು ದಾಖಲಿಸಿವೆ.

ನೆಲದ ಮೇಲೆ ಹೀಗೆ ಮೈಸೂರಿನದು ಮೇಲುಗೈ. ಆದರೆ ಸಮುದ್ರದಲ್ಲಿ ಅದು ಅಸಹಾಯಕ. ನೆಲದ ಮೇಲಿನ ಕಂಪನಿಯ ಸಂಪನ್ಮೂಲವನ್ನೆಲ್ಲ ನಾಶ ಮಾಡಬಲ್ಲೆನಾದರೂ ಕಡಲನ್ನು ಬತ್ತಿಸಲಾರೆನೆಂದು ಹೈದರನು ತನ್ನ ಮಂತ್ರಿ ಪೂರ್ಣಯ್ಯನವರಲ್ಲಿ ಒಪ್ಪಿಕೊಂಡಿದ್ದನೆಂದು ಮುಂದೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ಆ ಕೊರತೆಯನ್ನು ತುಂಬಬಲ್ಲವರು ಫ್ರೆಂಚರು ಮಾತ್ರ. 1782ರ ಫೆಬ್ರವರಿಯಲ್ಲಿ ಬಂದ ಫ್ರೆಂಚ್ ನೌಕಾಧಿಪತಿ ಸಫ್ರೆನ್ ನಿಜವಾದ ಕಲಿ. ಇಂಗ್ಲಿಷ್ ಅಡ್ಮಿರಲ್ ಹ್ಯೂಸ್‌ನೊಂದಿಗೆ ಒಂದೂವರೆ ವರ್ಷದಲ್ಲಿ ಐದು ನೌಕಾಯುದ್ಧಗಳನ್ನು ನಡೆಸಿ, ಸಿಂಹಳದ ಟ್ರಿಂಕೋಮಲಿ ಬಂದರನ್ನು ಮರಳಿ ಕಸಿದುಕೊಂಡನು. ಆದರೆ ಅವನೊಂದಿಗೆ ಬಂದ ಭೂಸೇನೆ ಚಿಕ್ಕದು. ಅದರ ನಾಯಕರು ಬುಸ್ಸಿಯು ದೊಡ್ಡ ಪಡೆಯೊಂದಿಗೆ ಬರುವವರೆಗೆ ಕದನಕ್ಕಿಳಿಯಲು ಹಿಂಜರಿದರು. ಆತ ತಲುಪಿದ್ದು 1783ರ ಮಾರ್ಚ್‌ನಲ್ಲಿ. ಆ ವೇಳೆಗೆ ಹೈದರನು ತೀರಿಕೊಂಡಿದ್ದನು.

ಮೈತ್ರಿಕೂಟದ ಕುಸಿತ

ರಣರಂಗದಲ್ಲಿ ಈ ಏಳುಬೀಳುಗಳು ನಡೆಯುತ್ತಿದ್ದಾಗ ಹೇಸ್ಟಿಂಗ್ಸ್ ಮತ್ತೊಂದು ಯುದ್ಧವನ್ನು ಸದ್ದಿಲ್ಲದೆ ಗೆಲ್ಲುತ್ತಿದ್ದನು. ಗುಂಟೂರನ್ನು ಹಿಂದಿರುಗಿಸಿ ನಿಜಾಮನನ್ನು ತಟಸ್ಥಗೊಳಿಸಿದನು. ನಾಗಪುರದ ಭೋಂಸಲೆಯನ್ನು ಹಣ ಕೊಟ್ಟು ಒಲಿಸಿಕೊಂಡನು. ಮಹಾದಜಿ ಶಿಂಧೆಯೊಂದಿಗೆ 1781ರಲ್ಲಿ ಪ್ರತ್ಯೇಕ ಸಂಧಾನ ಮಾಡಿಕೊಂಡನು. 1782ರ ಮೇ 17ರ ಸಾಲ್ಬಾಯಿ ಒಪ್ಪಂದದೊಂದಿಗೆ ಮರಾಠರೊಂದಿಗಿನ ಯುದ್ಧವೇ ಮುಗಿಯಿತು. ಹೈದರನು ಇಂಗ್ಲಿಷರಿಂದ ಗೆದ್ದ ಪ್ರದೇಶಗಳನ್ನು ಬಿಟ್ಟುಕೊಡಬೇಕೆಂಬ ಷರತ್ತೂ ಅದರಲ್ಲಿತ್ತು. ತಾನು ಭಾಗಿಯೇ ಅಲ್ಲದ ಒಪ್ಪಂದದಲ್ಲಿ ಹೈದರನ ಹಿತವನ್ನು ಅವನ ಮಿತ್ರರೇ ಬಲಿಕೊಟ್ಟರು. ಮೂವರು ಸೇರಿ ಆರಂಭಿಸಿದ ಯುದ್ಧದಲ್ಲಿ ಎರಡು ವರ್ಷ ಕಳೆಯುವುದರೊಳಗೆ ಮೈಸೂರು ಒಂಟಿಯಾಗಿತ್ತು.

ಆದರೂ ಮೈಸೂರಿನ ಕೈ ಸೋತಿರಲಿಲ್ಲ. 1782ರ ಫೆಬ್ರವರಿಯಲ್ಲಿ ತಂಜಾವೂರು ಸೀಮೆಯ ಕೊಳ್ಳಿಡಂ ನದಿತೀರದಲ್ಲಿ ಅಣ್ಣಗುಡಿ ಎಂಬಲ್ಲಿ ಟಿಪ್ಪು ಕರ್ನಲ್ ಬ್ರೇತ್‌ವೈಟನ ಸುಮಾರು ಎರಡು ಸಾವಿರ ಸೈನಿಕರ ಪಡೆಯನ್ನು ಸುತ್ತುವರಿದು ಶರಣಾಗಿಸಿದನು. ಮೂರು ವರ್ಷಗಳ ಹಿಂದೆ ಮಾಹೆಯನ್ನು ಗೆದ್ದವನು ಇದೇ ಬ್ರೇತ್‌ವೈಟ್.

ಹೈದರನ ಮರಣ

1782ರ ಡಿಸೆಂಬರ್ 7ರಂದು ಚಿತ್ತೂರಿನ ಸಮೀಪದ ನರಸಿಂಗರಾಯನಪೇಟೆಯ ಶಿಬಿರದಲ್ಲಿ ಹೈದರಾಲಿಯು ಬೆನ್ನುಹುಣ್ಣಿನಿಂದ ನಿಧನನಾದನು. ಆಗ ಟಿಪ್ಪು ನೂರಾರು ಮೈಲಿ ದೂರದ ಮಲಬಾರಿನ ಪೊನ್ನಾನಿಯಲ್ಲಿ ಇಂಗ್ಲಿಷರನ್ನು ಎದುರಿಸುತ್ತಿದ್ದನು. ಪೂರ್ಣಯ್ಯ ಮತ್ತು ಕೃಷ್ಣರಾವ್ ಮೊದಲಾದ ಮಂತ್ರಿಗಳು ಅಪೂರ್ವ ಸಂಯಮದಿಂದ ಸಾವಿನ ಸುದ್ದಿಯನ್ನು ಗುಟ್ಟಾಗಿಟ್ಟರು. ಶವವನ್ನು ಪೆಟ್ಟಿಗೆಯಲ್ಲಿರಿಸಿ ಖಜಾನೆ ಸಾಗಿಸುವಂತೆ ಕೋಲಾರಕ್ಕೆ ಕಳುಹಿಸಲಾಯಿತು. ಕಿರಿಯ ಮಗ ಅಬ್ದುಲ್ ಕರೀಮನನ್ನು ಪಟ್ಟಕ್ಕೇರಿಸುವ ಸಂಚೊಂದನ್ನೂ ಹತ್ತಿಕ್ಕಲಾಯಿತು. ಟಿಪ್ಪು ಧಾವಿಸಿ ಬಂದು ಸೇನೆಯನ್ನು ಸೇರಿಕೊಂಡಾಗ ಅದು ಚೆದುರದೆ ನಿಂತಿತ್ತು. ಮದರಾಸಿನಲ್ಲಿ ಗವರ್ನರ್ ಮೆಕಾರ್ಟ್ನಿಗೂ ಸೇನಾನಿ ಸ್ಟುವರ್ಟನಿಗೂ ನಡುವಿನ ಜಗಳದಲ್ಲಿ ಇಂಗ್ಲಿಷರ ಅವಕಾಶ ಕೈತಪ್ಪಿತು.

ಇದೇ ಕಾಲದಲ್ಲಿ ಇನ್ನೊಂದು ಎಳೆಯೂ ಇದೆ. ಮೈಸೂರಿನ ರಾಜಮನೆತನದ ಮಹಾರಾಣಿ ಲಕ್ಷ್ಮಮ್ಮಣ್ಣಿಯವರ ಪರವಾಗಿ ತಿರುಮಲರಾಯನು 1782ರ ಅಕ್ಟೋಬರ್‌ನಲ್ಲಿ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು, ಒಡೆಯರ್ ವಂಶಕ್ಕೆ ರಾಜ್ಯವನ್ನು ಮರಳಿ ಕೊಡಿಸುವ ಭರವಸೆ ಪಡೆದನು. 1783ರ ಜುಲೈನಲ್ಲಿ ಶ್ರೀರಂಗಪಟ್ಟಣದಲ್ಲಿಯೇ ದಂಗೆಯ ಸಂಚು ರೂಪುಗೊಂಡು ಬಯಲಾಯಿತು. ಅಂಚೆ ಶಾಮಯ್ಯ ಮೊದಲಾದವರು ಅದರಲ್ಲಿ ಸಿಕ್ಕಿಬಿದ್ದರು. ಮರುವರ್ಷ ಟಿಪ್ಪುವಿನೊಂದಿಗೆ ಸಂಧಿಗೆ ಕುಳಿತಾಗ ಕಂಪನಿಯು ರಾಣಿಗಿತ್ತ ಮಾತನ್ನು ಬದಿಗಿರಿಸಿತು.

ಬಿದನೂರು ಮತ್ತು ಮಂಗಳೂರು

ಹೈದರನ ಮರಣದ ಸುದ್ದಿ ತಿಳಿದ ಮುಂಬಯಿ ಸರ್ಕಾರವು ಜನರಲ್ ಮ್ಯಾಥ್ಯೂಸ್‌ನನ್ನು ಕನ್ನಡ ಕರಾವಳಿಯ ಮೇಲೆ ಕಳುಹಿಸಿತು. 1783ರ ಜನವರಿಯಲ್ಲಿ ಹೊನ್ನಾವರ, ಕುಂದಾಪುರಗಳು ವಶವಾದವು. ಮ್ಯಾಥ್ಯೂಸ್ ಹೊಸಂಗಡಿ ಘಟ್ಟವನ್ನೇರಿ ಬಿದನೂರಿನತ್ತ, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರದತ್ತ, ನಡೆದನು. ಅಲ್ಲಿನ ಅಧಿಕಾರಿ ಅಯಾಜ್ ಖಾನ್ ಹೈದರನ ಪ್ರೀತಿಪಾತ್ರನಾಗಿದ್ದವನು. ಟಿಪ್ಪುವಿನಿಂದ ತನ್ನ ಜೀವಕ್ಕೆ ಅಪಾಯವಿದೆಯೆಂದು ಭಾವಿಸಿ ಯುದ್ಧವಿಲ್ಲದೆಯೇ ಕೋಟೆಯನ್ನು ಒಪ್ಪಿಸಿದನು. ಸಾಗರದ ಬಳಿಯ ಆನಂದಪುರ (ಅಂದಿನ ಅನಂತಪುರ) ಫೆಬ್ರವರಿಯಲ್ಲಿ, ಮಂಗಳೂರು ಮಾರ್ಚ್ 9ರಂದು ಇಂಗ್ಲಿಷರ ವಶವಾದವು.

ಸುಲಭವಾಗಿ ದಕ್ಕಿದ್ದು ಸುಲಭವಾಗಿಯೇ ಜಾರಿತು. ಬಿದನೂರಿನ ಖಜಾನೆಯ ಪಾಲಿಗಾಗಿ ಇಂಗ್ಲಿಷ್ ಅಧಿಕಾರಿಗಳು ಕಚ್ಚಾಡಿದರು; ಹಿರಿಯರು ಕೆಲವರು ದೂರು ಹೇಳಲು ಮುಂಬಯಿಗೇ ಹೊರಟುಹೋದರು. ಪೂರ್ವ ತೀರದಲ್ಲಿದ್ದ ಟಿಪ್ಪು ತನ್ನ ಎತ್ತುಗಳ ಬಲದಿಂದ ಸುಮಾರು ಒಂದು ತಿಂಗಳಲ್ಲಿ ಇಡೀ ಪರ್ಯಾಯದ್ವೀಪವನ್ನು ದಾಟಿ ಬಂದನು. ಏಪ್ರಿಲ್ ಅಂತ್ಯಕ್ಕೆ ಮ್ಯಾಥ್ಯೂಸ್ ಶರಣಾದನು. ಕೋಟೆಯ ಹಣವನ್ನು ಹಿಂದಿರುಗಿಸುವ ಷರತ್ತನ್ನು ಮುರಿದು ಸೈನಿಕರು ನಾಣ್ಯಗಳನ್ನು ಬಚ್ಚಿಟ್ಟುಕೊಂಡಿದ್ದಾರೆಂದು ಟಿಪ್ಪು ಅವರನ್ನೆಲ್ಲ ಸೆರೆಯಲ್ಲಿಟ್ಟನು. ಮ್ಯಾಥ್ಯೂಸ್ ಸೆರೆಯಲ್ಲಿಯೇ ಸತ್ತನು. ಅವನಿಗೆ ವಿಷವಿಕ್ಕಲಾಯಿತೆಂದು ಇಂಗ್ಲಿಷರು ಆರೋಪಿಸಿದರು.

ಮೇ ತಿಂಗಳಲ್ಲಿ ಟಿಪ್ಪು ಮಂಗಳೂರಿಗೆ ಮುತ್ತಿಗೆ ಹಾಕಿದನು. ಕರ್ನಲ್ ಜಾನ್ ಕ್ಯಾಂಬೆಲ್ಲನ ನೇತೃತ್ವದ ಪಡೆ ಮಳೆಗಾಲವಿಡೀ ಕೋಟೆಯನ್ನು ಕಾದುಕೊಂಡಿತು. ಅಷ್ಟರಲ್ಲಿ ಯುರೋಪಿನಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ ಜನವರಿಯಲ್ಲೇ ಶಾಂತಿಗೆ ಒಪ್ಪಿದ್ದ ಸುದ್ದಿ ಭಾರತವನ್ನು ತಲುಪಿತು. ಕಡಲೂರಿನಲ್ಲಿ ಬುಸ್ಸಿಯನ್ನು ಮುತ್ತಿದ್ದ ಸ್ಟುವರ್ಟನ ಸೇನೆ ಕದನ ನಿಲ್ಲಿಸಿತು. ಮಂಗಳೂರಿನಲ್ಲಿ ಟಿಪ್ಪುವಿನೊಂದಿಗಿದ್ದ ಫ್ರೆಂಚರು ಮುತ್ತಿಗೆಯ ನಡುವೆಯೇ ಕೈಬಿಟ್ಟರು. ಆಗಸ್ಟ್ 2ರಂದು ಕದನವಿರಾಮ ಏರ್ಪಟ್ಟರೂ ಕೋಟೆಯೊಳಗಿನ ಹಸಿವು ನಿಲ್ಲಲಿಲ್ಲ. ಕಾಯಿಲೆ ಮತ್ತು ಉಪವಾಸಗಳಿಂದ ಜರ್ಜರಿತವಾದ ಪಡೆ 1784ರ ಜನವರಿ 30ರಂದು ಕೋಟೆಯನ್ನು ಒಪ್ಪಿಸಿ, ಶಸ್ತ್ರಸಹಿತವಾಗಿ ತಲಚೇರಿಗೆ ಹೊರಟಿತು. ಕ್ಯಾಂಬೆಲ್ ಎರಡು ತಿಂಗಳೊಳಗೆ ಮುಂಬಯಿಯಲ್ಲಿ ಅಸುನೀಗಿದನು.

ದಕ್ಷಿಣದಲ್ಲಿ ಕರ್ನಲ್ ಫುಲ್ಲರ್ಟನ್ 1783ರ ನವೆಂಬರ್‌ನಲ್ಲಿ ಪಾಲಘಾಟ್ ಮತ್ತು ಕೊಯಮತ್ತೂರನ್ನು ಗೆದ್ದು ಶ್ರೀರಂಗಪಟ್ಟಣಕ್ಕೆ ಏರಿಬರಲು ಸಜ್ಜಾಗಿದ್ದನು. ಸಂಧಾನ ನಡೆದಿರುವುದರಿಂದ ಹಿಂದೆ ಸರಿಯುವಂತೆ ಮದರಾಸು ಅವನಿಗೆ ಆಜ್ಞಾಪಿಸಿತು.

ಮಂಗಳೂರು ಒಪ್ಪಂದ

ಮದರಾಸು ಸರ್ಕಾರವು ಸ್ಯಾಡ್ಲಿಯರ್, ಸ್ಟಾಂಟನ್ ಮತ್ತು ಹಡಲ್‌ಸ್ಟನ್ ಎಂಬ ಮೂವರು ಪ್ರತಿನಿಧಿಗಳನ್ನು ಟಿಪ್ಪುವಿನ ಬಳಿಗೆ ಕಳುಹಿಸಿತು. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿದ್ದಿತು. ಗೆದ್ದ ಪ್ರದೇಶಗಳನ್ನು ಪರಸ್ಪರ ಹಿಂದಿರುಗಿಸುವುದು, ಸೆರೆಯಾಳುಗಳ ಬಿಡುಗಡೆ, ಕಂಪನಿಯ ಹಿಂದಿನ ವ್ಯಾಪಾರ ಸವಲತ್ತುಗಳ ಮಾನ್ಯತೆ ಅದರ ಮುಖ್ಯ ಅಂಶಗಳಾಗಿದ್ದವು. ಕಂಪನಿಯ ಪ್ರತಿನಿಧಿಗಳು ಮೈಸೂರಿನ ಸುಲ್ತಾನನಿದ್ದಲ್ಲಿಗೇ ಬಂದು ಶಾಂತಿ ಬೇಡಿದ ದೃಶ್ಯ ಇಂಗ್ಲಿಷರ ಅಭಿಮಾನಕ್ಕೆ ಪೆಟ್ಟು ಕೊಟ್ಟಿತು. ಹೇಸ್ಟಿಂಗ್ಸ್ ಈ ಒಪ್ಪಂದವನ್ನು ಬಹಿರಂಗವಾಗಿಯೇ ಹಳಿದನು.

ಜನಸಾಮಾನ್ಯರ ಪಾಡು

ಈ ಯುದ್ಧದ ಬೆಲೆ ತೆತ್ತವರು ಮುಖ್ಯವಾಗಿ ರೈತರು. ಶತ್ರುವಿಗೆ ಒಂದು ಕಾಳೂ ಸಿಗಬಾರದೆಂಬ ನೀತಿಯಿಂದ ಹೈದರನು ಕರ್ನಾಟಿಕ್ ಬಯಲನ್ನು ಬರಿದು ಮಾಡಿದನು. ಹೊಲಗಳು ಪಾಳುಬಿದ್ದವು. ಆಶ್ರಯ ಹುಡುಕಿ ಮದರಾಸಿಗೆ ನುಗ್ಗಿದ ಜನ ಅಲ್ಲಿ ಕ್ಷಾಮಕ್ಕೆ ತುತ್ತಾದರು. 1782ರ ಅಕ್ಟೋಬರ್‌ನಲ್ಲಿ ಬೀಸಿದ ಚಂಡಮಾರುತ ಬಂದರಿನಲ್ಲಿದ್ದ ಅಕ್ಕಿಯ ಹಡಗುಗಳನ್ನು ಮುಳುಗಿಸಿದಾಗ ಪರಿಸ್ಥಿತಿ ಭೀಕರವಾಯಿತು. ಘಟ್ಟದ ಮೇಲೂ ಕೆಳಗೂ ಇಂಗ್ಲಿಷ್ ಪಡೆಗಳು ಕಡಿಮೆಯೇನೂ ಮಾಡಲಿಲ್ಲ. ಹೊನ್ನಾವರ ಮತ್ತು ಅನಂತಪುರಗಳು ಹತ್ಯೆ, ಲೂಟಿಗಳನ್ನು ಕಂಡವು.

ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು 1784ರ ಫೆಬ್ರವರಿಯಲ್ಲಿ ಕರಾವಳಿಯ ಕೆನರಾ ಪ್ರಾಂತ್ಯದ ಕ್ರೈಸ್ತರನ್ನು ಕುಟುಂಬಸಮೇತ ಬಂಧಿಸಿ ಶ್ರೀರಂಗಪಟ್ಟಣಕ್ಕೆ ಅಟ್ಟಿಸಿದನು. ಅವರ ಸಂಖ್ಯೆಯ ಬಗ್ಗೆ ಲೆಕ್ಕಗಳು ಹಲವಾರು ಸಾವಿರಗಳ ಅಂತರದಲ್ಲಿ ಭಿನ್ನವಾಗಿವೆ. ಅನೇಕರು ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತರು. ಉಳಿದವರ ಬಿಡುಗಡೆ ಆದದ್ದು 1799ರಲ್ಲಿ.

ಪರಿಣಾಮ ಮತ್ತು ಮೌಲ್ಯಮಾಪನ

ಮೈಸೂರಿನ ದೃಷ್ಟಿಯಿಂದ ಮಂಗಳೂರು ಒಪ್ಪಂದ ಗೌರವದ ಶಾಂತಿ. ಆದರೆ 1780ರಲ್ಲಿ ಹೈದರನ ಸುತ್ತ ಇದ್ದ ಮಿತ್ರಮಂಡಲ 1784ರಲ್ಲಿ ಟಿಪ್ಪುವಿನ ಸುತ್ತ ಇರಲಿಲ್ಲ. ಅದನ್ನು ಮತ್ತೆ ಕಟ್ಟಲು ಆತನಿಂದಾಗಲಿಲ್ಲ. ಮರಾಠರು ಮತ್ತು ನಿಜಾಮನೊಂದಿಗೆ ಅವನು 1787ರ ಗಜೇಂದ್ರಗಡ ಒಪ್ಪಂದದವರೆಗೂ ಹೋರಾಡಬೇಕಾಯಿತು. ಅತ್ತ ಬ್ರಿಟನ್ನಿನಲ್ಲಿ, ಈ ಯುದ್ಧ ಬಯಲಿಗೆಳೆದ ಮದರಾಸಿನ ದುರಾಡಳಿತ ಪಾರ್ಲಿಮೆಂಟಿನ ಚರ್ಚೆಯ ವಸ್ತುವಾಯಿತು. 1784ರ ಪಿಟ್ ಇಂಡಿಯಾ ಕಾಯಿದೆ ಕಂಪನಿಯ ರಾಜಕೀಯ ವ್ಯವಹಾರಗಳನ್ನು ಬ್ರಿಟಿಷ್ ಸರ್ಕಾರದ ಹತೋಟಿಗೆ ತಂದಿತು. ಬಿಕ್ಕಟ್ಟಿನಿಂದ ಕಂಪನಿ ಪಾಠ ಕಲಿತು ಗಟ್ಟಿಯಾಯಿತು.

1790ರಲ್ಲಿ ಮೂರನೆಯ ಯುದ್ಧ ಆರಂಭವಾದಾಗ ಚಿತ್ರ ತಲೆಕೆಳಗಾಗಿತ್ತು. ಮರ‍ಾಠರು ಮತ್ತು ನಿಜಾಮ ಈಗ ಕಂಪನಿಯ ಪಾಳಯದಲ್ಲಿದ್ದರು. 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹೊಸ್ತಿಲಿಗೆ ಬಂದೂ, ಎತ್ತುಗಳು ಸತ್ತು, ಅಕ್ಕಿ ಮುಗಿದು, ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಮ್ಮೆಟ್ಟಿದನು. ಮನ್ರೊ ಕಂಚಿಯಲ್ಲಿ ಮಾಡಿದ್ದನ್ನೇ ಅವನೂ ಮಾಡಬೇಕಾಯಿತು. ಆದರೆ ಹಿಮ್ಮೆಟ್ಟುವ ದಾರಿಯಲ್ಲಿ ಅವನಿಗೆ ಮರಾಠಾ ಸೇನೆ ಎದುರಾಯಿತು. ಅದರ ಶಿಬಿರದ ಸಂತೆಯಲ್ಲಿ ಧಾನ್ಯ ದೊರೆಯಿತು. ಮರುವರ್ಷ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ತೆರಬೇಕಾಯಿತು. ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಯಿತು. 1780ರಲ್ಲಿ ಕಂಪನಿಗೆ ಇಲ್ಲದಿದ್ದ ಎರಡು ವಸ್ತುಗಳು, ಎಂದರೆ ನೆಲದ ಮೇಲಿನ ಆಹಾರ ಮತ್ತು ನೆಲದ ಮೇಲಿನ ಮಿತ್ರರು, ಹನ್ನೆರಡು ವರ್ಷಗಳ ತರುವಾಯ ಅದರ ಕೈಯಲ್ಲಿದ್ದವು.

ಪ್ರಮುಖ ದಿನಾಂಕಗಳು

- ಏಪ್ರಿಲ್ 1769: ಮದರಾಸು ಒಪ್ಪಂದ
- ಮಾರ್ಚ್ 1779: ಮಾಹೆ ಇಂಗ್ಲಿಷರ ವಶ
- ಜುಲೈ 1780: ಹೈದರನಿಂದ ಕರ್ನಾಟಿಕ್ ಮೇಲೆ ದಾಳಿ
- 10 ಸೆಪ್ಟೆಂಬರ್ 1780: ಪೊಲ್ಲಿಲೂರು ಕದನ
- 1 ಜುಲೈ 1781: ಪೋರ್ಟೊ ನೋವೊ ಕದನ
- ಫೆಬ್ರವರಿ 1782: ಅಣ್ಣಗುಡಿಯಲ್ಲಿ ಬ್ರೇತ್‌ವೈಟ್ ಶರಣಾಗತಿ
- 17 ಮೇ 1782: ಸಾಲ್ಬಾಯಿ ಒಪ್ಪಂದ
- 7 ಡಿಸೆಂಬರ್ 1782: ಹೈದರಾಲಿಯ ಮರಣ
- ಏಪ್ರಿಲ್ 1783: ಬಿದನೂರು ಮರಳಿ ಟಿಪ್ಪುವಿನ ವಶ
- 30 ಜನವರಿ 1784: ಮಂಗಳೂರು ಕೋಟೆಯ ಶರಣಾಗತಿ
- 11 ಮಾರ್ಚ್ 1784: ಮಂಗಳೂರು ಒಪ್ಪಂದ